ಬೆಲ್, ಥಾಮಸ್ ರೀಡ್ ಡೇವಿಸ್

1863–1948. ಐರ್ಲೆಂಡಿನಲ್ಲಿ ಹುಟ್ಟಿ ಕಾರವಾರದಲ್ಲಿ ನೆಲೆನಿಂತ ಹವ್ಯಾಸಿ ಚಿಟ್ಟೆ ವಿಜ್ಞಾನಿ. ವೃತ್ತಿಯಿಂದ ಮುಂಬಯಿ ಪ್ರಾಂತದ ಅರಣ್ಯಾಧಿಕಾರಿ.

ಉತ್ತರ ಕನ್ನಡದ ಕಾಡುಗಳಲ್ಲಿ ಈತನಿಗೆ ಸಮಾನಾಸಕ್ತರಿಬ್ಬರು ಜೊತೆಯಾದರು: ಕಲೆಕ್ಟರ್ ಜೆ. ಡೇವಿಡ್ಸನ್ ಮತ್ತು ಉಪ್ಪಿನ ಇಲಾಖೆಯ ಇ. ಎಚ್. ಐಟ್ಕನ್. ಮೂವರೂ ಸೇರಿ ಜಿಲ್ಲೆಯ ಚಿಟ್ಟೆಗಳ ಬಗ್ಗೆ ಬರೆದ ಲೇಖನಮಾಲೆ 1890ರ ದಶಕದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಭಾರತದ ಬಯಲು ಪ್ರದೇಶಗಳ ಸಾಮಾನ್ಯ ಚಿಟ್ಟೆಗಳನ್ನು ಕುರಿತ ಬೆಲ್‌ನ ದೀರ್ಘ ಮಾಲೆಯೂ 1909ರಿಂದ ಅಲ್ಲಿಯೇ ಬಂತು.

ರೆಕ್ಕೆಯ ಅಂದಕ್ಕೆ ಮರುಳಾಗಿ ಚಿಟ್ಟೆಗಳನ್ನು ಸೂಜಿಗೆ ಚುಚ್ಚಿಡುವವರು ಆ ಕಾಲದಲ್ಲಿ ಬಹಳ ಮಂದಿ ಇದ್ದರು. ಬೆಲ್‌ನ ಹಿರಿಮೆ ಇರುವುದು ಬೇರೆಡೆ. ಮೊಟ್ಟೆ, ಕಂಬಳಿಹುಳು, ಕೋಶಗಳನ್ನು ಸಾಕಿ, ಯಾವ ಹುಳು ಯಾವ ಗಿಡದ ಎಲೆ ತಿನ್ನುತ್ತದೆ, ಎಲ್ಲಿ ಅಡಗುತ್ತದೆ, ಹೇಗೆ ಕೋಶ ಕಟ್ಟುತ್ತದೆ ಎಂಬುದನ್ನು ಆತ ಬಿಡದೆ ದಾಖಲಿಸಿದ. ನೀಲಿ ಚಿಟ್ಟೆಗಳ ಕುಟುಂಬದ ಅನೇಕ ಹುಳುಗಳ ಬೆನ್ನಿನ ತುದಿಯಲ್ಲಿ ಒಂದು ಗ್ರಂಥಿ ಇರುತ್ತದೆ. ಇರುವೆ ತನ್ನ ಮೀಸೆಯಿಂದ ತಟ್ಟಿದರೆ ಸಿಹಿಹನಿ ಒಸರುತ್ತದೆ. ಪ್ರತಿಯಾಗಿ ಇರುವೆಗಳು ಹುಳುವನ್ನು ಶತ್ರುಗಳಿಂದ ಕಾಯುತ್ತವೆ. ಯಾವ ಹುಳುವಿಗೆ ಯಾವ ಜಾತಿಯ ಇರುವೆ ಒಡನಾಡಿ ಎಂಬುದನ್ನೂ ಬೆಲ್ ಗುರುತಿಸಿದ. ಆಹಾರ ಸಸ್ಯಗಳನ್ನು ಬಲ್ಲ ಅರಣ್ಯಾಧಿಕಾರಿಯಾಗಿದ್ದುದು ಈ ಕೆಲಸಕ್ಕೆ ದೊಡ್ಡ ಬಲವಾಯಿತೆನ್ನಬೇಕು.

ನಿವೃತ್ತಿಯ ನಂತರ ಕಾರವಾರ ಬಿಡಲಿಲ್ಲ. ಮೇಜರ್ ಎಫ್. ಬಿ. ಸ್ಕಾಟ್ ಜೊತೆ ಬರೆದ ಹಾಕ್ ಪತಂಗಗಳ ಸಂಪುಟ 1937ರಲ್ಲಿ ‘ಫಾನಾ ಆಫ್ ಬ್ರಿಟಿಷ್ ಇಂಡಿಯಾ’ ಮಾಲೆಯಲ್ಲಿ ಹೊರಬಂತು. ಪಶ್ಚಿಮಘಟ್ಟದ ಚಿಟ್ಟೆಗಳ ಆಹಾರ ಸಸ್ಯಗಳನ್ನು ಪಟ್ಟಿಮಾಡುವವರು ಈಗಲೂ ಬೆಲ್‌ನ ಟಿಪ್ಪಣಿಗಳನ್ನು ಆಧರಿಸುತ್ತಾರೆ.