ಸಾಗರತಳದ ಆಳದ ಜೀವಗೋಳ

ಸಾಗರತಳದ ಆಳದ ಜೀವಗೋಳ ಎಂದರೆ ಸಮುದ್ರದ ನೆಲದ ಕೆಳಗಿನ ಹೂಳು ಮತ್ತು ಶಿಲೆಗಳಲ್ಲಿ ವಾಸಿಸುವ ಸೂಕ್ಷ್ಮಜೀವಿಗಳ ಸಮುದಾಯ. ಬ್ಯಾಕ್ಟೀರಿಯಾ ಮತ್ತು ಆರ್ಕಿಯಾಗಳು ಇದರಲ್ಲಿ ಪ್ರಧಾನವಾಗಿವೆ. ಇಲ್ಲಿಗೆ ಬೆಳಕು ತಲಪುವುದಿಲ್ಲ, ಆಹಾರವೂ ಅತ್ಯಲ್ಪ. ಆದರೂ 2012ರ ಒಂದು ಅಂದಾಜಿನಂತೆ ಸಾಗರತಳದ ಹೂಳಿನಲ್ಲಿ ಸುಮಾರು 2.9 × 10²⁹ ಜೀವಕೋಶಗಳಿವೆ.

ಇತಿಹಾಸ

1955ರಲ್ಲಿ ಮೊರಿಟಾ ಮತ್ತು ಝೋಬೆಲ್ ಎಂಬ ವಿಜ್ಞಾನಿಗಳು ಪೆಸಿಫಿಕ್ ಸಾಗರದ ಹೂಳನ್ನು ಪರೀಕ್ಷಿಸಿದರು. 7.47 ಮೀಟರಿಗಿಂತ ಕೆಳಗಿನ ಮಾದರಿಯಲ್ಲಿ ಬ್ಯಾಕ್ಟೀರಿಯಾಗಳು ಬೆಳೆಯದ ಕಾರಣ, ಜೀವಗೋಳದ ಗಡಿ ಅಲ್ಲಿಯೇ ಇದೆಯೆಂದು ಭಾವಿಸಿದರು. ಆದರೆ ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಯದ್ದೆಲ್ಲ ನಿರ್ಜೀವವೆಂದು ಹೇಳಲಾಗದು. 1994ರಲ್ಲಿ ಜಾನ್ ಪಾರ್ಕ್ಸ್ ಮತ್ತು ಸಂಗಡಿಗರು 500 ಮೀಟರಿಗೂ ಹೆಚ್ಚಿನ ಆಳದಲ್ಲಿ ಬ್ಯಾಕ್ಟೀರಿಯಾಗಳಿರುವುದನ್ನು ವರದಿ ಮಾಡಿದರು. 2012ರಲ್ಲಿ ಜಪಾನಿನ 'ಚಿಕ್ಯು' ಹಡಗು ಶಿಮೊಕಿಟಾ ಪರ್ಯಾಯದ್ವೀಪದ ಬಳಿ ಸಾಗರತಳದಿಂದ 2,466 ಮೀಟರ್ ಆಳದವರೆಗೆ ಕೊರೆಯಿತು. ಅಲ್ಲಿನ ಕಲ್ಲಿದ್ದಲಿನ ಪದರಗಳಲ್ಲಿಯೂ ಸೂಕ್ಷ್ಮಜೀವಿಗಳು ದೊರೆತವು.

ದಕ್ಷಿಣ ಪೆಸಿಫಿಕ್ ಪ್ರಯೋಗ

2010ರಲ್ಲಿ 'ಜಾಯ್ಡೆಸ್ ರೆಸಲ್ಯೂಷನ್' ಹಡಗು ದಕ್ಷಿಣ ಪೆಸಿಫಿಕ್ ಸುಳಿವಲಯದಲ್ಲಿ ಹೂಳಿನ ಮಾದರಿಗಳನ್ನು ಸಂಗ್ರಹಿಸಿತು. ಇದು ಸಾಗರದ ಮರುಭೂಮಿ ಎನ್ನಬಹುದಾದ ಪ್ರದೇಶ. ಮೇಲಿನ ನೀರಿನಲ್ಲಿ ಜೀವಿಗಳು ವಿರಳವಾದುದರಿಂದ ಹೂಳು ಅತಿ ನಿಧಾನವಾಗಿ ಶೇಖರವಾಗುತ್ತದೆ. ಅದನ್ನು ತಿನ್ನುವ ಜೀವಿಗಳೂ ಕಡಿಮೆಯಾದ ಕಾರಣ ಆಮ್ಲಜನಕ ಹೂಳಿನ ತಳದವರೆಗೂ ಉಳಿದಿರುತ್ತದೆ. ಅಲ್ಲಿನ ಅತ್ಯಂತ ಹಳೆಯ ಮಾದರಿಯ ವಯಸ್ಸು 10.15 ಕೋಟಿ ವರ್ಷ, ಅಂದರೆ ಡೈನೋಸಾರ್‌ಗಳ ಕಾಲದ್ದು.

ಯೂಕಿ ಮೊರೊನೊ ಮತ್ತು ಸಂಗಡಿಗರು ಗುರುತುಗೊಳಿಸಿದ ಇಂಗಾಲ, ಸಾರಜನಕಗಳುಳ್ಳ ಆಹಾರವನ್ನು ಈ ಹೂಳಿಗೆ ಬೆರೆಸಿ 557 ದಿನಗಳವರೆಗೆ ಕಾದರು. ಜೀವಕೋಶಗಳು ಆಹಾರವನ್ನು ಹೀರಿಕೊಂಡು ವಿಭಜನೆ ಹೊಂದಿದವು. ಅತ್ಯಂತ ಹಳೆಯ ಮಾದರಿಯಲ್ಲಿಯೂ ಶೇ. 99ರಷ್ಟು ಕೋಶಗಳು ಜೀವಂತವಾಗಿದ್ದವೆಂದು 2020ರಲ್ಲಿ ಪ್ರಕಟವಾದ ವರದಿ ತಿಳಿಸಿತು. ಅವುಗಳಲ್ಲಿ ಬಹುಪಾಲು ಬೀಜಾಣುಗಳಾಗಿ ಮಲಗಿದ್ದವಲ್ಲ ಎಂಬುದು ಗಮನಾರ್ಹ. ಆದ್ದರಿಂದಲೇ ಇವನ್ನು ಬರಿಯ 'ನಿದ್ರಾವಸ್ಥೆ'ಯ ಜೀವಿಗಳೆಂದು ಕರೆಯುವುದು ಅಷ್ಟು ಸಮಂಜಸವೆನಿಸದು.

ಇಂತಹ ಸಂಶೋಧನೆಗಳಿಗೆ ಎದುರಾಗುವ ಮುಖ್ಯ ಆಕ್ಷೇಪ ಮಾಲಿನ್ಯದ್ದು: ಕಂಡ ಜೀವಿಗಳು ಮೇಲಿನ ನೀರಿನಿಂದ ಬಂದವಾಗಿರಬಹುದಲ್ಲವೇ? ಇದನ್ನು ಪರಿಶೀಲಿಸಲು ಕೊರೆಯುವ ದ್ರವಕ್ಕೆ ಸುಲಭವಾಗಿ ಪತ್ತೆಯಾಗುವ ರಾಸಾಯನಿಕವನ್ನು ಬೆರೆಸಿ, ಅದು ಮಾದರಿಯ ಒಳಭಾಗಕ್ಕೆ ನುಸುಳಿದೆಯೇ ಎಂದು ನೋಡುತ್ತಾರೆ.

ಉಷ್ಣದ ಮಿತಿ

ಆಳಕ್ಕೆ ಹೋದಂತೆ ಶಾಖವೂ ಏರುತ್ತದೆ. 2016ರಲ್ಲಿ ಜಪಾನಿನ ಮುರೊಟೊ ಭೂಶಿರದ ಬಳಿ, ನಾಂಕಾಯ್ ಕಂದಕದಲ್ಲಿ 1,180 ಮೀಟರ್ ಆಳಕ್ಕೆ ಕೊರೆದಾಗ ಸುಮಾರು 120 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಪದರ ಸಿಕ್ಕಿತು. 45 ಡಿಗ್ರಿಯ ಬಳಿಕ ಕೋಶಗಳ ಸಂಖ್ಯೆ ತೀವ್ರವಾಗಿ ಇಳಿದು, ಬೀಜಾಣುಗಳು ಹೆಚ್ಚಿದವು. ಆದರೂ ತಳದ ಅತ್ಯುಷ್ಣ ಹೂಳಿನಲ್ಲಿ ಅಸಿಟೇಟನ್ನು ಬಳಸುವ ಸೂಕ್ಷ್ಮಜೀವಿಗಳ ಚಟುವಟಿಕೆ ಕಂಡುಬಂದಿತು.