ಬಿರಡೆಯಿಂದ ಎನ್‌ಕೋಡರಿಗೆ: ಶ್ರುತಿ ಗುಬುಟಿನ ಕಥೆ

ಯಲ್ಲಾಪುರದ ಮಾಗೋಡು ಸೀಮೆಯಲ್ಲಿ ತಾಳಮದ್ದಲೆ ಕೂಟ ಆರಂಭವಾಗುವಾಗ ಮೊದಲು ಕೇಳುವುದು ಭಾಗವತರ ದನಿಯಲ್ಲ, ಪುಟ್ಟ ಪೆಟ್ಟಿಗೆಯೊಂದರ ಎಡೆಬಿಡದ ನಾದ. ಭಾಗವತರು ಅದರ ಗುಬುಟನ್ನು ಎರಡು ಬೆರಳಲ್ಲಿ ಹಿಡಿದು ಅತ್ತಿತ್ತ ತಿರುಗಿಸಿ, ‘ಕಪ್ಪು ಎರಡು’ ಎಂದೋ ‘ಬಿಳಿ ನಾಲ್ಕು’ ಎಂದೋ ತಮಗೆ ಒಗ್ಗುವ ಶ್ರುತಿಗೆ ತಂದು ನಿಲ್ಲಿಸುತ್ತಾರೆ. ಕಪ್ಪು–ಬಿಳಿಯ ಈ ಲೆಕ್ಕ ಬಂದದ್ದು ಹಾರ್ಮೋನಿಯಂ ಮನೆಗಳಿಂದ. ಅದಕ್ಕೂ ಹಿಂದೆ ಯಕ್ಷಗಾನಕ್ಕೆ ಶ್ರುತಿ ಹಿಡಿಯುತ್ತಿದ್ದುದು ಸೋರೆಬುರುಡೆಯ ಪುಂಗಿ. ಊದುವವನ ಉಸಿರು ಗಟ್ಟಿ ಇದ್ದಷ್ಟೂ ಹೊತ್ತು ಶ್ರುತಿ ಗಟ್ಟಿ!

ಅಂಥದೇ ಗುಬುಟು ಈಗ ಇನ್ನೊಂದು ಮೇಜಿನ ಮೇಲೂ ಕಾಣಿಸುತ್ತದೆ. ಕಂಪ್ಯೂಟರಿನಲ್ಲಿ ಸಂಗೀತ ಕೂಡಿಸುವ ಹವ್ಯಾಸಿಗಳು ಮನೆಯಲ್ಲೇ ಬೆಸುಗೆ ಹಾಕಿ ತಯಾರಿಸುವ ‘ಮಿಡಿ ಕಂಟ್ರೋಲರ್’ ಅದು. ಈ ಪೆಟ್ಟಿಗೆ ತಾನಾಗಿ ಸದ್ದು ಮಾಡುವುದಿಲ್ಲ. ಗುಬುಟು ತಿರುಗಿದಂತೆ ಅಂಕಿಗಳನ್ನು ಕಳಿಸುತ್ತದೆ, ಹಾಡುವುದು ಕಂಪ್ಯೂಟರು. ಆದರೆ ಅಂಕಿಯಲ್ಲಿ ಅಳೆದ ಶ್ರುತಿ, ಕಿವಿಯಿಂದ ಅಳೆದ ಶ್ರುತಿಯಷ್ಟು ಸೂಕ್ಷ್ಮವಾಗಬಲ್ಲದೇ?

ಪ್ರಶ್ನೆ ಹೊಸದಲ್ಲ. ತಂಬೂರಿಯಲ್ಲಿ ಬಿರಡೆ ತಿರುಗಿಸಿ ತಂತಿಯನ್ನು ಸ್ವರದ ಸಮೀಪಕ್ಕೆ ತರುತ್ತಾರೆ, ಕೆಳಗಿನ ಮಣಿಯನ್ನು ಕೂದಲೆಳೆಯಷ್ಟು ಸರಿಸಿ ಸ್ವರದ ಮೇಲೆ ಕೂರಿಸುತ್ತಾರೆ. ಹಾರ್ಮೋನಿಯಂನಲ್ಲಿ ಬಿರಡೆಯೂ ಇಲ್ಲ, ಮಣಿಯೂ ಇಲ್ಲ. ಅದರ ಹನ್ನೆರಡು ಮನೆಗಳು ಕಾರ್ಖಾನೆಯಲ್ಲೇ ನಿಶ್ಚಿತ. ಪಕ್ಕಪಕ್ಕದ ಎರಡು ಮನೆಗಳ ಅಂತರವನ್ನು 100 ಪಾಲು ಮಾಡಿದರೆ ಒಂದು ಪಾಲಿಗೆ ‘ಸೆಂಟ್’ ಎನ್ನುತ್ತಾರೆ. ಸಮಪಾಲಿನ ಹಾರ್ಮೋನಿಯಂನಲ್ಲಿ ಗಾಂಧಾರ ಷಡ್ಜದಿಂದ 400 ಸೆಂಟ್ ಮೇಲಿದ್ದರೆ, ತಂಬೂರಿಯ ನಾದದೊಳಗಿಂದ ತಾನಾಗಿ ಹೊಮ್ಮುವ ಗಾಂಧಾರ ಸುಮಾರು 386ರಲ್ಲಿದೆ. ಹದಿನಾಲ್ಕು ಸೆಂಟಿನ ಈ ಜಗಳ, ಗಮಕ ನುಡಿಸಲಾಗದೆಂಬ ಆಕ್ಷೇಪ, ಇವೆಲ್ಲ ಸೇರಿ 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂಗೆ ಬಾಗಿಲು ಮುಚ್ಚಿತು. ನಿಷೇಧ ಸಡಿಲವಾದದ್ದು 1971ರಲ್ಲಿ. ಈ ಮೂರು ದಶಕ ರೇಡಿಯೋದಲ್ಲಿ ಬೇಡವಾದ ವಾದ್ಯ ಆಟದ ರಂಗಸ್ಥಳದಲ್ಲಿ ಮಾತ್ರ ಬೇಕಾಗಿಯೇ ಇತ್ತು.

ಬಿರಡೆಯನ್ನು ವಿದ್ಯುತ್ತಿಗೆ ಒಪ್ಪಿಸಿದವರಲ್ಲಿ ಕನ್ನಡ ನಾಡಿನ ಹೆಸರೊಂದಿದೆ. ಬೆಂಗಳೂರಿನ ಎಚ್.ಎ.ಎಲ್.ನಲ್ಲಿ ಎಂಜಿನಿಯರಾಗಿದ್ದ, ಕೊಳಲು ವಾದಕರೂ ಆದ ಜಿ. ರಾಜನಾರಾಯಣ್ 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿದರು. ಅವರ ರಾಡೆಲ್ ಸಂಸ್ಥೆಯ ಪೆಟ್ಟಿಗೆಗಳು ಕಛೇರಿ, ಪಾಠದ ಮನೆಗಳನ್ನೆಲ್ಲ ಹೊಕ್ಕವು. ತಂಬೂರಿ ಮೀಟಲು ಶಿಷ್ಯರಿಲ್ಲದ ಹಾಡುಗಾರನಿಗೆ ಅದೊಂದು ವರವೇ ಆಯಿತು.

ನಾಲ್ಕು ವರ್ಷ ಕಳೆದು, 1983ರ ಜನವರಿಯಲ್ಲಿ ಅಮೆರಿಕದ ಅನಾಹೈಮ್ ನಗರದ ವಾದ್ಯಮೇಳದಲ್ಲಿ ಎರಡು ಬೇರೆ ಬೇರೆ ಕಂಪನಿಗಳ ಕೀಬೋರ್ಡುಗಳನ್ನು ಒಂದೇ ತಂತಿಯಿಂದ ಜೋಡಿಸಿ, ಒಂದನ್ನು ಒತ್ತಿದರೆ ಇನ್ನೊಂದು ನುಡಿಯುವುದನ್ನು ತೋರಿಸಲಾಯಿತು. ಅಮೆರಿಕದ ಡೇವ್ ಸ್ಮಿತ್, ಜಪಾನಿನ ಇಕುತಾರೊ ಕಾಕೆಹಾಶಿ ಅವರ ಮುಂದಾಳುತನದಲ್ಲಿ ಹುಟ್ಟಿದ ಈ ಭಾಷೆಯೇ ಮಿಡಿ. ಅದರಲ್ಲಿ ಗುಬುಟಿನ ಸ್ಥಾನ ಹೇಳಲು 0ಯಿಂದ 127ರವರೆಗೆ 128 ಅಂಕಿಗಳಷ್ಟೇ. 1200 ಸೆಂಟಿನ ಒಂದು ಸ್ಥಾಯಿಯನ್ನು ಇಷ್ಟರಲ್ಲಿ ಹಂಚಿದರೆ ಒಂದೊಂದು ಹೆಜ್ಜೆಗೂ ಒಂಬತ್ತು ಸೆಂಟಿಗಿಂತ ಹೆಚ್ಚು. ಜೊತೆಗೆ ಶ್ರುತಿ ನುಡಿಯುತ್ತಿದ್ದರೆ ಹಳಗಿದ ಕಿವಿ ಇದನ್ನು ಕೂಡಲೇ ಹಿಡಿಯುತ್ತದೆ. ಹಾರ್ಮೋನಿಯಂ ತಕರಾರೇ ಹೊಸ ವೇಷದಲ್ಲಿ!

ಇಲ್ಲಿ ನೆರವಿಗೆ ಬಂದದ್ದು ಗುಬುಟಿನ ಒಳಗಿನ ಬದಲಾವಣೆ. ಹಳೆಯ ರೇಡಿಯೋದ ಗುಬುಟಿನೊಳಗೆ ಇರುತ್ತಿದ್ದುದು ಪೊಟೆನ್ಶಿಯೋಮೀಟರ್. ಮುಕ್ಕಾಲು ಸುತ್ತಿಗೆ ಅದು ತಡೆಯುತ್ತದೆ, ಅದರ ಇಂಗಾಲದ ಹಾದಿ ಕಾಲಕ್ರಮೇಣ ಸವೆಯುತ್ತದೆ. ರೋಟರಿ ಎನ್‌ಕೋಡರಿಗೆ ಆದಿ–ಅಂತ್ಯಗಳಿಲ್ಲ. ತಾನೆಲ್ಲಿದ್ದೇನೆಂಬುದು ಅದಕ್ಕೆ ತಿಳಿಯದು. ಎತ್ತ ತಿರುಗಿದೆ, ಎಷ್ಟು ಹೆಜ್ಜೆ ತಿರುಗಿದೆ ಎಂದಷ್ಟೇ ಹೇಳುತ್ತದೆ. ಒಳಗಿರುವ ಎರಡು ಸ್ವಿಚ್ಚುಗಳು ಕಾಲು ಹೆಜ್ಜೆ ಹಿಂದುಮುಂದಾಗಿ ಮುಚ್ಚಿ ತೆರೆಯುತ್ತವೆ. ಯಾವುದು ಮೊದಲೋ ಅದೇ ದಿಕ್ಕು. ಒಂದು ಸಲಕ್ಕೆ ಒಂದೇ ಬದಲಾವಣೆ ಎಂಬ ಈ ಕ್ರಮಕ್ಕೆ ಗ್ರೇ ಸಂಕೇತ ಎಂದು ಹೆಸರು. ಅಮೆರಿಕದ ಬೆಲ್ ಪ್ರಯೋಗಾಲಯದ ಫ್ರಾಂಕ್ ಗ್ರೇ 1947ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ್ದು ಇದಕ್ಕೇ.

ಜೋಡಣೆ ಕಠಿಣವಲ್ಲ. ಸಾಮಾನ್ಯ ಎನ್‌ಕೋಡರಿನ ಮೂರು ಕಾಲುಗಳಲ್ಲಿ ನಡುವಿನದು ಗ್ರೌಂಡಿಗೆ, ಉಳಿದೆರಡು ಆರ್ಡುಯಿನೋದಂಥ ಪುಟ್ಟ ಬೋರ್ಡಿನ ಎರಡು ಪಿನ್ನುಗಳಿಗೆ. ಬಲಕ್ಕೆ ತಿರುಗಿಸಿದಾಗ ಶ್ರುತಿ ಇಳಿದರೆ ಆ ಎರಡು ತಂತಿಗಳನ್ನು ಅದಲುಬದಲು ಮಾಡಿದರಾಯಿತು. ಕಾಟ ಕೊಡುವುದು ಲೋಹದ ತುದಿಗಳ ನಡುಕ. ಒಮ್ಮೆ ಮುಚ್ಚುವಾಗಲೇ ಅವು ಕ್ಷಣಾರ್ಧದಲ್ಲಿ ಹಲವು ಬಾರಿ ತಾಗಿ ಬಿಟ್ಟು ಒಂದು ಹೆಜ್ಜೆಯನ್ನು ಮೂರು ನಾಲ್ಕೆಂದು ಎಣಿಸಿಬಿಡುತ್ತವೆ. ಪುಟ್ಟ ಕೆಪಾಸಿಟರ್ ಹಾಕಿಯೋ, ಅಸಾಧ್ಯ ಕ್ರಮಗಳನ್ನು ತಳ್ಳಿಹಾಕುವಂತೆ ಪ್ರೋಗ್ರಾಂ ಬರೆದೋ ಅದನ್ನು ತಡೆಯಬೇಕು.

ಬಳಿಕ ಅಂಕಿಗಳಿಗೆ ಅರ್ಥ ಹಚ್ಚುವ ಕೆಲಸ. ‘1’ ಬಂದರೆ ಒಂದು ಹೆಜ್ಜೆ ಮೇಲೆ, ‘127’ ಬಂದರೆ ಒಂದು ಹೆಜ್ಜೆ ಕೆಳಗೆ ಎಂಬುದು ಒಂದು ಒಪ್ಪಂದ. 65 ಮತ್ತು 63 ಇನ್ನೊಂದು. ಕಂಪ್ಯೂಟರಿಗೆ ಈ ಒಪ್ಪಂದ ತಿಳಿಸಲು ಮರೆತರೆ 127 ಅನ್ನು ಅದು ತುತ್ತತುದಿ ಎಂದು ತಿಳಿಯುತ್ತದೆ, ಶ್ರುತಿ ಒಮ್ಮೆಲೇ ಕಿರುಚುತ್ತದೆ. ಒಪ್ಪಂದ ಸರಿಯಾದರೆ 128ರ ಬೇಲಿ ಅಡ್ಡಿಯಾಗದು, ಹೆಜ್ಜೆಯ ಅಳತೆಯನ್ನು ಒಂದು ಸೆಂಟಿಗೂ ಇಳಿಸಬಹುದು. ಆದರೆ ಸುತ್ತಿಗೆ 24 ಹೆಜ್ಜೆಯಿರುವ ಗುಬುಟಿನಲ್ಲಿ ಒಂದು ಸ್ಥಾಯಿ ದಾಟಲು 50 ಸುತ್ತು ಬೇಕು! ಆದ್ದರಿಂದ ವೇಗವಾಗಿ ತಿರುಗಿಸಿದರೆ ದೊಡ್ಡ ಹೆಜ್ಜೆ, ನಿಧಾನಕ್ಕೆ ತಿರುಗಿಸಿದರೆ ಸಣ್ಣ ಹೆಜ್ಜೆ ಬರುವಂತೆ ಪ್ರೋಗ್ರಾಂ ಬರೆಯುತ್ತಾರೆ. ಬಿರಡೆ, ಮಣಿ ಎರಡೂ ಒಂದೇ ಗುಬುಟಿನಲ್ಲಿ ಸೇರಿದಂತಾಯಿತು.

2020ರಲ್ಲಿ ಅಂಗೀಕಾರವಾದ ಮಿಡಿಯ ಎರಡನೆಯ ಆವೃತ್ತಿಯಲ್ಲಿ ಆ 128ರ ಜಾಗಕ್ಕೆ 400 ಕೋಟಿಗೂ ಮಿಕ್ಕಿ ಹಂತಗಳಿವೆ. ಇತ್ತ ಕೂಟದಲ್ಲಿ ಪೆಟ್ಟಿಗೆ ‘ಕಪ್ಪು ಎರಡ’ಕ್ಕೆ ನಿಂತ ಮೇಲೆ, ಮದ್ದಲೆಗಾರರು ಅದಕ್ಕೆ ಕಿವಿಗೊಟ್ಟು ಮದ್ದಲೆಯ ಅಂಚಿಗೆ ಮೆಲ್ಲನೆ ಬಡಿಯತೊಡಗುತ್ತಾರೆ.