ಎಂಟನೇ ವಯಸ್ಸಿನ ಚೀಟಿ

ರಾಯಲ್ಪಾಡಿನ ಕಡೆ ಎಷ್ಟೋ ಮನೆಗಳಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ನಾನು ಒತ್ತಕ್ಷರ ತಪ್ಪಿದಾಗಲೆಲ್ಲ ಮೇಷ್ಟ್ರು ‘ತೆಲುಗು ಮನೆ ಹುಡುಗ’ ಎಂದು ಸುಮ್ಮನಾಗುತ್ತಿದ್ದರು. ಅದೇ ಬೆಂಚಿನ, ಅಂಥದೇ ಮನೆಯ ಗೆಳೆಯರು ಸರಾಗವಾಗಿ ಓದುತ್ತಿದ್ದರು. ಅದು ಯಾರ ಲೆಕ್ಕಕ್ಕೂ ಬರಲಿಲ್ಲ. ಡಿಸ್ಲೆಕ್ಸಿಯಾ ಎಂಬ ಮಾತು ನನ್ನ ಕಿವಿಗೆ ಬಿದ್ದದ್ದು ಪಿಎಚ್.ಡಿ.ಗೆ ಸೇರಿದ ಮೇಲೆ.

ಕಾನೂನಿಗೂ ಅದು ತಡವಾಗಿಯೇ ಕೇಳಿಸಿತು. 1995ರ ಅಂಗವಿಕಲರ ಕಾಯ್ದೆಯಲ್ಲಿ ಇದ್ದದ್ದು ಏಳು ವೈಕಲ್ಯ. ಕಲಿಕಾ ನ್ಯೂನತೆಯೂ ಇಲ್ಲ, ಆಟಿಸಂ ಕೂಡ ಇಲ್ಲ. ಆಟಿಸಂ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯೊಳಗೆ ಬಂತು. 2016ರ ಕಾಯ್ದೆ ಪಟ್ಟಿಯನ್ನು 21ಕ್ಕೆ ಏರಿಸಿ ಎರಡನ್ನೂ ಸೇರಿಸಿತು. ಎಡಿಎಚ್‌ಡಿ ಮಾತ್ರ ಅದರಲ್ಲೂ ಹೆಸರಿನಿಂದ ಇಲ್ಲ.

ಸಂಶೋಧಕನಿಗೆ ಬೇಕಾದದ್ದು ಸಮಯ. ಯುಜಿಸಿಯ 2016ರ ನಿಯಮ ಶೇ. 40ಕ್ಕಿಂತ ಹೆಚ್ಚು ವೈಕಲ್ಯವಿದ್ದವರಿಗೆ ಪಿಎಚ್.ಡಿ. ಗಡುವಿನ ಮೇಲೆ ಎರಡು ವರ್ಷ ಕೊಟ್ಟಿತು. 2022ರ ನಿಯಮವೂ ಅದನ್ನು ಉಳಿಸಿಕೊಂಡಿತು. ಆದರೆ ಆ ಶೇ. 40 ಬರೆದುಕೊಡುವವರು ಯಾರು? 2018ರ ಮಾರ್ಗಸೂಚಿಯಂತೆ ಕಲಿಕಾ ನ್ಯೂನತೆಯ ಪರೀಕ್ಷೆ ಎಂಟನೇ ವಯಸ್ಸಿನಲ್ಲಿ, ಮತ್ತೆ 14 ಹಾಗೂ 18ರಲ್ಲಿ. ನನಗೆ ಎಂಟಾಗಿದ್ದಾಗ ಆ ಕಾಯ್ದೆಯೇ ಹುಟ್ಟಿರಲಿಲ್ಲ!

2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್, ವಿಕಾಸ್ ಕುಮಾರ್ ಪ್ರಕರಣದಲ್ಲಿ, ಪರೀಕ್ಷೆಗೆ ಲಿಪಿಕಾರರನ್ನು ಕೊಡಲು ಶೇ. 40ರ ಗೆರೆ ಬೇಕಿಲ್ಲ ಎಂದಿತು. ಮಹಾಪ್ರಬಂಧದ ಗಡುವಿಗೆ ಮರುವರ್ಷದ ನಿಯಮದಲ್ಲೂ ಆ ಗೆರೆ ಹಾಗೆಯೇ ಉಳಿಯಿತು.

ನನ್ನ ಮಾರ್ಗದರ್ಶಕರು ಯಾವ ಚೀಟಿಯನ್ನೂ ಕೇಳಲಿಲ್ಲ. ಅಧ್ಯಾಯವನ್ನು ಮೊದಲು ಬಾಯಲ್ಲಿ ಹೇಳಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿಸಿದರು. ತಿದ್ದುಪಡಿ ಒಂದು ಸಲಕ್ಕೆ ಒಂದೇ ಪುಟ. ಎರಡು ವರ್ಷ ನಿಂತಿದ್ದ ಮೂರನೇ ಅಧ್ಯಾಯ ಹಾಗೆ ಮುಗಿಯಿತು.